ಬಳಲಿದ ನೆಲಗಪ್ಪೆಗೆ ಮೊದಲು ನೀರು, ಅನಂತರ ಆಹಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬಚ್ಚಲುಮನೆಯ ಮೂಲೆ, ಕೊಟ್ಟಿಗೆಯ ಗೋಡೆಯ ಸಂದು ನೆಲಗಪ್ಪೆಯ ವಾಸಸ್ಥಾನಗಳು. ದೀಪಕ್ಕೆ ಮುತ್ತುವ ಹುಳುಗಳನ್ನು ತಿಂದು ನಮ್ಮೊಡನೆ ಬದುಕುವ ಈ ಜೀವಿಯು ಬೇಸಿಗೆಯಲ್ಲಿ ಒಣಗಿದ ಸಿಮೆಂಟ್ ತೊಟ್ಟಿಗೆ ಬಿದ್ದು, ಹತ್ತಲಾರದೆ, ದಿನಗಟ್ಟಲೆ ಉಪವಾಸವಿರುವುದುಂಟು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಿಂದ ತೊಯ್ಯುವುದೂ ಉಂಟು. ಮಕ್ಕಳು ಅಂಥದನ್ನು ಸಾಕಲೆಂದು ಮನೆಗೆ ತಂದಾಗ ಹಿರಿಯರು ಕರುಣೆಯಿಂದ ಹಾಲು, ಅನ್ನ ಇಡುವರು, ಅರಿಶಿನ ಹಚ್ಚುವರು. ಈ ಉಪಚಾರವೇ ಅದಕ್ಕೆ ಮುಳುವಾದೀತು.

ಕಪ್ಪೆಯು ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ. ಹೊಟ್ಟೆ ಮತ್ತು ತೊಡೆಗಳ ಅಡಿಯ ಚರ್ಮದಿಂದ ಹೀರಿಕೊಳ್ಳುತ್ತದೆ. ಆದುದರಿಂದ ಮೈಗೆ ತಾಗಿದ ಸಾಬೂನು, ಎಣ್ಣೆ, ಮೈಲುತುತ್ತ ಮುಂತಾದವು ಅದಕ್ಕೆ ಹಾನಿಕರ. ಮನುಷ್ಯರಿಗೆ ಹಿತವಾದ ಕಷಾಯ, ತೈಲಗಳೂ ಅದಕ್ಕೆ ಸಲ್ಲವು.

ಕಣ್ಣು ಗುಳಿಬಿದ್ದು, ಚರ್ಮ ಸುಕ್ಕಾಗಿ, ಸೊಂಟದ ಮೂಳೆಗಳು ಎದ್ದು ಕಾಣುತ್ತಿದ್ದರೆ ಕಪ್ಪೆಯು ನೀರು, ಆಹಾರಗಳಿಲ್ಲದೆ ಸೊರಗಿದೆಯೆಂದು ತಿಳಿಯಬೇಕು. ದ್ರಾವಣ ತಾಗಿದ್ದರೆ ಮೊದಲು ಶುದ್ಧ ನೀರಿನಿಂದ ಮೈ ತೊಳೆಯಬೇಕು. ಬಳಿಕ ಅಗಲವಾದ ಪಾತ್ರೆಯಲ್ಲಿ ಅದರ ಗಲ್ಲಕ್ಕೆ ಮುಟ್ಟದಷ್ಟು ಬಾವಿಯ ನೀರನ್ನು ಹಾಕಿ, ತಂಪಾದ ನೆರಳಿನಲ್ಲಿ ಕೂರಿಸಬೇಕು. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು. ನೀರು ದಿನವೂ ಬದಲಾಗಬೇಕು. ಪಕ್ಕದಲ್ಲಿ ತೇವದ ಮಣ್ಣು, ಅಡಗಲು ಒಂದು ಹೆಂಚಿನ ಚೂರು ಇರಲಿ.

ಒಂದೆರಡು ದಿನಗಳಲ್ಲಿ ಕಣ್ಣು ತುಂಬಿಕೊಂಡು ಚಲನೆ ಮರಳಿದ ಮೇಲೆ ಆಹಾರದ ಮಾತು. ಚಲಿಸುವ ಜೀವಿಯನ್ನು ಮಾತ್ರ ಅದು ಆಹಾರವೆಂದು ಗುರುತಿಸುತ್ತದೆ. ಮುಸ್ಸಂಜೆಯಲ್ಲಿ ಎರಡು ಮೂರು ಗೆದ್ದಲು ಅಥವಾ ಸಣ್ಣ ಎರೆಹುಳುವನ್ನು ಮುಂದೆ ಬಿಡಬೇಕು. ಹುಳುವಿನ ದಪ್ಪವು ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಔಷಧಿ ಸಿಂಪಡಿಸಿದ ತೋಟದ ಹುಳುಗಳು ಬೇಡ. ಪ್ರಮಾಣವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು.

ಈ ನಿಧಾನಕ್ಕೆ ಕಾರಣವಿದೆ. ಬಹುಕಾಲ ಬರಿದಾಗಿದ್ದ ದೇಹವು ಒಮ್ಮೆಲೇ ಬಂದ ಆಹಾರವನ್ನು ತಾಳಲಾರದು. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದಾಗ, ಬಿಡುಗಡೆಗೊಂಡ ಹಸಿದ ಕೈದಿಗಳಲ್ಲಿ ಹಲವರು ಏಕಾಏಕಿ ಹೇರಳವಾಗಿ ಉಂಡು ಮೃತಪಟ್ಟರು. ಶೋಧನ ಚಿಕಿತ್ಸೆಯಿಂದ ಅಗ್ನಿ ಮಂದವಾದ ರೋಗಿಗೆ ಆಯುರ್ವೇದವು ಪೇಯಾ, ವಿಲೇಪಿ, ಯೂಷ, ಅಂದರೆ ತೆಳುಗಂಜಿ, ಗಟ್ಟಿಗಂಜಿ, ಬೇಳೆಯ ಕಟ್ಟು ಎಂಬ ಸಂಸರ್ಜನ ಕ್ರಮವನ್ನು ವಿಧಿಸಿರುವುದೂ ಇದೇ ವಿವೇಕದಿಂದ. ಜ್ವರದಿಂದ ಎದ್ದ ಮನೆಯ ವೃದ್ಧರಿಗೂ ಈ ಕ್ರಮವು ಹಿತಕರ.

ಶುಶ್ರೂಷೆ ಮಾಡುವವರ ಸುರಕ್ಷತೆಯೂ ಮುಖ್ಯ. ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬಿದ ಗ್ರಂಥಿಗಳಿಂದ ಬರುವ ಹಾಲಿನಂಥ ಸ್ರಾವವು ವಿಷಯುಕ್ತ. ಅದನ್ನು ಕಚ್ಚಿದ ನಾಯಿಯು ನೊರೆ ಸುರಿಸುವುದು ಇದರಿಂದಲೇ. ಒದ್ದೆಯಾದ, ಸಾಬೂನಿಲ್ಲದ ಕೈಯಿಂದ ಎತ್ತಿ, ಅನಂತರ ಸಾಬೂನಿನಿಂದ ಕೈ ತೊಳೆಯಬೇಕು. ಅದಕ್ಕೆ ಮುನ್ನ ಕಣ್ಣು, ಬಾಯಿ ಮುಟ್ಟಿಕೊಳ್ಳಬಾರದು. ಕಪ್ಪೆಯನ್ನು ಮುಟ್ಟಿದರೆ ನರಹುಲಿ ಬರುವುದೆಂಬುದು ಮಾತ್ರ ನಿಜವಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಾಣುವಿನಿಂದ ಬರುತ್ತದೆ.

ತೊಡೆಯ ಒಳಭಾಗ ಕೆಂಪೇರಿದರೆ, ಮೈ ಊದಿದರೆ, ಆಹಾರವನ್ನು ನಿರಾಕರಿಸುತ್ತಲೇ ಇದ್ದರೆ ಪಶುವೈದ್ಯರಿಗೆ ತೋರಿಸಬೇಕು. ಚೇತರಿಸಿಕೊಂಡ ಕಪ್ಪೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ, ಸಿಕ್ಕಿದ ಸ್ಥಳದ ಸಮೀಪದಲ್ಲೇ, ತೇವವಿರುವ ಸಂಜೆ ಬಿಟ್ಟುಬಿಡುವುದು ಶ್ರೇಯಸ್ಕರ. ಖಾಲಿ ತೊಟ್ಟಿಯೊಳಗೆ ಓರೆಯಾಗಿ ಒಂದು ಹಲಗೆಯನ್ನಿಟ್ಟರೆ ಮುಂದೆ ಬೀಳುವ ಕಪ್ಪೆಗಳು ತಾವಾಗಿಯೇ ಹತ್ತಿ ಬರುವವು.