ದಂಡ ಸರ್ಕಾರಕ್ಕೆ, ಬಿಸ್ಕೆಟ್ ಪ್ರಯಾಣಿಕರಿಗೆ

ನಮ್ಮ ದೊಡ್ಡಪ್ಪ ನಾಗಮಂಗಲದವರು. ಎಪ್ಪತ್ತರ ಹತ್ತಿರ ವಯಸ್ಸು. 2024ರ ಜೂನ್‌ನಲ್ಲಿ ಮೊದಲ ಸಲ ವಿಮಾನ ಹತ್ತಿದ್ರು. ಪುಣೆಯಲ್ಲಿರೋ ಮಗಳ ಮನೆಗೆ. ರಾತ್ರಿ 9.40ರ ವಿಮಾನಕ್ಕೆ ಮಧ್ಯಾಹ್ನ ಹನ್ನೆರಡಕ್ಕೇ ಮನೆ ಬಿಟ್ಟಿದ್ದರು. ಬೆಳ್ಳೂರು ಕ್ರಾಸ್ ದಾಟಿ, ನೆಲಮಂಗಲ ದಾಟಿ, ಬೆಂಗಳೂರಿನ ಟ್ರಾಫಿಕ್ಕೆಲ್ಲ ನುಂಗಿಕೊಂಡು ದೇವನಹಳ್ಳಿ ತಲುಪೋದು ಅಂದ್ರೆ ಸುಮ್ನೆ ಅಲ್ಲ.

ಹೋದ ಮೇಲೆ ಏನಾಯ್ತು? ಬೋರ್ಡ್ ಮೇಲೆ ವಿಮಾನ ಅರ್ಧ ಗಂಟೆ ತಡ ಅಂತ ಬಂತು. ಆಮೇಲೆ ಇನ್ನೂ ಮುಕ್ಕಾಲು ಗಂಟೆ. ಆಮೇಲೆ ಇನ್ನೊಂದು ಗಂಟೆ. ಹೀಗೆ ಕಂತು ಕಂತಾಗಿ ಹೋಗಿ, ಕೊನೆಗೆ ವಿಮಾನ ಮೇಲೆದ್ದಾಗ ಬೆಳಗಿನ ಜಾವ 4.10. ಕೇಳಿದ್ರೆ 'ತಾಂತ್ರಿಕ ಕಾರಣ'. ಕೊಟ್ಟಿದ್ದು ಒಂದು ಬಿಸ್ಕೆಟ್ ಪ್ಯಾಕೆಟ್ಟು, ಒಂದು ನೀರಿನ ಬಾಟಲಿ. ಸಂಸ್ಥೆಯ ಹೆಸರು ಇಲ್ಲಿ ಬೇಡ. ದೊಡ್ಡಪ್ಪ ಮಾತ್ರ ಫೋನಲ್ಲಿ ಒಂದು ಮಾತು ಹೇಳಿದ್ರು: "ಅಲ್ಲ ಕಣ್ಲಾ ಮಗ, ನಮ್ ಬಸ್ ಸ್ಟ್ಯಾಂಡಲ್ಲಾದ್ರೂ ಕಂಟ್ರೋಲರ್ ಇರ್ತಾನೆ, ಹೋಗಿ ಬಯ್ಯಬೌದು. ಇಲ್ಲಿ ಯಾರ್ನ ಬಯ್ಯದು?"

ಯಾರನ್ನ ಬಯ್ಯೋದು, ಯಾರನ್ನ ಕೇಳೋದು ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ವಿಚಾರ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ದೇಶದಲ್ಲಿ ವಿಮಾನ ಪ್ರಯಾಣಿಕರ ಹಕ್ಕಿಗೆ ನಿಯಮ ಇಲ್ಲ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ, 2010ರಲ್ಲೇ ಇದನ್ನ ಬರೆದಿದೆ. ಆಮೇಲೆ 2016ರಲ್ಲಿ ಪರಿಹಾರದ ಮೊತ್ತವನ್ನ ಏರಿಸಿದೆ. ನಿಯಮ ಏನು ಹೇಳುತ್ತೆ ನೋಡಿ.

ಎರಡೂವರೆ ಗಂಟೆ ಒಳಗಿನ ಹಾರಾಟವಾದ್ರೆ, ಎರಡು ಗಂಟೆ ತಡವಾದ ಕೂಡಲೇ ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರಿ ತಡವಾಗುತ್ತೆ ಅಂತಿದ್ರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್, ಯಾವುದು ಬೇಕೋ ಅದನ್ನ ಪ್ರಯಾಣಿಕ ಆರಿಸಿಕೊಳ್ಳಬಹುದು. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರ ಒಳಗೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದ್ರೆ ಹೋಟೆಲ್ ರೂಮು, ಅದೂ ಉಚಿತವಾಗಿ. ಈಗ ಲೆಕ್ಕ ಹಾಕಿ. 9.40ರಿಂದ 4.10ಕ್ಕೆ ಎಷ್ಟಾಯ್ತು? ಆರೂವರೆ ಗಂಟೆ. ನಮ್ಮ ದೊಡ್ಡಪ್ಪನಿಗೆ ಸಿಗಬೇಕಿದ್ದದ್ದು ರೂಮು. ಸಿಕ್ಕಿದ್ದು ಪ್ಲಾಸ್ಟಿಕ್ ಕುರ್ಚಿ.

ಈ ಕಂತಿನ ಆಟ ಇದೆಯಲ್ಲಾ, ಅದನ್ನ ಸ್ವಲ್ಪ ಗಮನಿಸಿ. ನಾನು ಓದಿದ್ದು ಇಂಜಿನಿಯರಿಂಗು. ಯಾವುದೇ ವ್ಯವಸ್ಥೆಗೆ ಒಂದು ಮಿತಿ ಇಟ್ಟರೆ, ಜನ ಆ ಮಿತಿಯ ಕೆಳಗೇ ಓಡಾಡೋಕೆ ಕಲೀತಾರೆ ಅನ್ನೋದನ್ನ ಅಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ. ಆರೂವರೆ ಗಂಟೆ ತಡ ಅಂತ ಒಂದೇ ಸಲ ಹೇಳಿದ್ರೆ ಜನ ಹೋಟೆಲ್ ಕೇಳ್ತಾರೆ, ದುಡ್ಡು ವಾಪಸ್ ಕೇಳ್ತಾರೆ. ಅರ್ಧರ್ಧ ಗಂಟೆ ಮುಂದಕ್ಕೆ ಹಾಕ್ತಾ ಹೋದ್ರೆ ಯಾರೂ ಏಳೋಲ್ಲ, ಈಗ ಬರುತ್ತೆ ಆಗ ಬರುತ್ತೆ ಅಂತ ಕೂತೇ ಇರ್ತಾರೆ. ಬೇಕಂತಲೇ ಹಾಗೆ ಮಾಡ್ತಾರೋ, ನಿಜವಾಗ್ಲೂ ಅವರಿಗೂ ಗೊತ್ತಿರೋಲ್ವೋ, ಕಾಯೋನಿಗೆ ಹೇಗೆ ಗೊತ್ತಾಗಬೇಕು? ಕಾಯೋನಿಗೆ ಎರಡೂ ಒಂದೇ.

ಇನ್ನು ವಿಮಾನವೇ ರದ್ದಾದ್ರೆ? ಮುಂಚಿತವಾಗಿ ತಿಳಿಸದೆ ರದ್ದು ಮಾಡಿದ್ರೆ ಟಿಕೆಟ್ ದುಡ್ಡು ವಾಪಸ್ ಅಥವಾ ಬದಲಿ ವಿಮಾನದ ಜೊತೆಗೆ ಪರಿಹಾರವೂ ಇದೆ. ಒಂದು ಗಂಟೆವರೆಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕಿಂತ ಹೆಚ್ಚಿಗೆ 10,000 ರೂಪಾಯಿ. ಆದ್ರೆ ಅದರ ಪಕ್ಕದಲ್ಲೇ ಒಂದು ಪುಟ್ಟ ಸಾಲಿದೆ: ಇದು ಅಥವಾ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ, ಯಾವುದು ಕಮ್ಮಿಯೋ ಅದು. ಟಿಕೆಟ್ ಇಟ್ಟುಕೊಂಡವರನ್ನೇ ಹತ್ತಿಸದೆ ಬಿಟ್ಟರೆ, ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದಿದ್ದಾಗ, ಆ ದರದ ಎರಡು ಪಟ್ಟು, ಗರಿಷ್ಠ 10,000. ಬದಲಿ ವಿಮಾನ 24 ಗಂಟೆ ದಾಟಿದ್ರೆ ನಾಲ್ಕು ಪಟ್ಟು, ಗರಿಷ್ಠ 20,000.

ಬರೀ ತಡಕ್ಕೆ? ಎಷ್ಟು ಗಂಟೆ ತಡವಾದ್ರೂ ನಗದು ಪರಿಹಾರ ಒಂದು ಪೈಸೆ ಇಲ್ಲ. ಯೂರೋಪಿನಲ್ಲಿ ಮೂರು ಗಂಟೆ ತಡವಾಗಿ ತಲುಪಿಸಿದ್ರೆ ದೂರ ನೋಡಿಕೊಂಡು 250ರಿಂದ 600 ಯೂರೋ ಕೊಡಬೇಕು. ಟಿಕೆಟ್ ಎಷ್ಟು ಅಗ್ಗ ಅಂತ ಅಲ್ಲಿ ನೋಡೋಲ್ಲ. ಇಂಜಿನ್ ಕೆಟ್ಟಿತ್ತು ಅಂದ್ರೂ ಸಾಮಾನ್ಯವಾಗಿ ನಡೆಯೋಲ್ಲ, ವಿಮಾನವನ್ನ ಸುಸ್ಥಿತಿಯಲ್ಲಿಡೋದೇ ನಿಮ್ಮ ಕೆಲಸ ಅಂತ ಅಲ್ಲಿನ ನ್ಯಾಯಾಲಯ 2008ರಲ್ಲೇ ಹೇಳಿಬಿಟ್ಟಿದೆ.

ಸರಿ, ನಮ್ಮ ನಿಯಮ ಸ್ವಲ್ಪ ಬಡಕಲು ಅಂತಲೇ ಇಟ್ಕೊಳ್ಳೋಣ. ಇರೋ ನಿಯಮವಾದ್ರೂ ಜಾರಿ ಆಗುತ್ತಾ?

2023ರ ಜನವರಿ 9. ಸೋಮವಾರ ಬೆಳಗ್ಗೆ ಆರೂವರೆ. ಕೆಂಪೇಗೌಡ ವಿಮಾನ ನಿಲ್ದಾಣ. ಗೋ ಫಸ್ಟ್ ಸಂಸ್ಥೆಯ ದೆಹಲಿ ವಿಮಾನಕ್ಕೆ ನಾಲ್ಕು ಬಸ್ಸಲ್ಲಿ ಪ್ರಯಾಣಿಕರನ್ನ ಕರ್ಕೊಂಡು ಹೋಗ್ತಾರೆ. ಕೊನೇ ಬಸ್ಸಲ್ಲಿದ್ದವರು 55 ಜನ. ಕೈಯಲ್ಲಿ ಬೋರ್ಡಿಂಗ್ ಪಾಸ್, ಬ್ಯಾಗು ವಿಮಾನದ ಹೊಟ್ಟೆಯಲ್ಲಿ. ವಿಮಾನ ಅವರನ್ನ ಬಿಟ್ಟೇ ಹಾರಿಹೋಯ್ತು! ನಮ್ಮ ಕಡೆ ಖಾಸಗಿ ಬಸ್ಸಿನ ಕ್ಲೀನರ್ ಕೂಡ ತಲೆ ಎಣಿಸಿ ರೈಟ್ ಅಂತಾನೆ. 53 ಜನರನ್ನ ಸುಮಾರು ನಾಲ್ಕು ಗಂಟೆ ಆದ ಮೇಲೆ ಬೇರೆ ಸಂಸ್ಥೆಯ ವಿಮಾನದಲ್ಲಿ ಕಳಿಸಿದ್ರು, ಇಬ್ಬರು ದುಡ್ಡು ವಾಪಸ್ ಕೇಳಿದ್ರು. ಡಿಜಿಸಿಎ ಸಂಸ್ಥೆಗೆ 10 ಲಕ್ಷ ದಂಡ ಹಾಕ್ತು. ಭಾಗಿಸಿದ್ರೆ ತಲೆಗೆ 18 ಸಾವಿರ ಚಿಲ್ಲರೆ. ಆದ್ರೆ ಅದು ಹೋಗಿದ್ದು ಸರ್ಕಾರದ ಖಜಾನೆಗೆ. ಸಂಸ್ಥೆ ಪ್ರಯಾಣಿಕರಿಗೆ ಘೋಷಿಸಿದ್ದು ಹನ್ನೆರಡು ತಿಂಗಳೊಳಗೆ ದೇಶದಲ್ಲಿ ಎಲ್ಲಿಗಾದ್ರೂ ಹೋಗೋಕೆ ಒಂದು ಉಚಿತ ಟಿಕೆಟ್.

ಕಥೆ ಇಲ್ಲಿಗೇ ಮುಗೀಲಿಲ್ಲ. ಅದೇ ವರ್ಷ ಮೇ 3ಕ್ಕೆ ಗೋ ಫಸ್ಟ್ ವಿಮಾನಗಳೆಲ್ಲ ನಿಂತುಹೋದವು. ಸಂಸ್ಥೆ ದಿವಾಳಿ ಅರ್ಜಿ ಹಾಕ್ತು, ಮತ್ತೆ ಹಾರಲೇ ಇಲ್ಲ. ಹನ್ನೆರಡು ತಿಂಗಳ ಟಿಕೆಟ್‌ಗೆ ನಾಲ್ಕೇ ತಿಂಗಳ ಆಯಸ್ಸು. ವೋಚರ್ ಕೊಡ್ತೀವಿ ಅಂತ ಯಾರಾದ್ರೂ ಅಂದಾಗೆಲ್ಲ ನನಗೆ ಈ 55 ಜನ ನೆನಪಾಗ್ತಾರೆ.

ಇನ್ನೊಂದು ಉದಾಹರಣೆ. 2022ರ ಜೂನ್‌ನಲ್ಲಿ ಡಿಜಿಸಿಎ ಏರ್ ಇಂಡಿಯಾಗೆ 10 ಲಕ್ಷ ದಂಡ ಹಾಕ್ತು. ಟಿಕೆಟ್ ಇದ್ದವರನ್ನ ಹತ್ತಿಸದೆ ಬಿಟ್ಟಿದ್ದಕ್ಕೆ, ನಿಯಮದ ಪರಿಹಾರ ಕೊಡದೆ ಇದ್ದಿದ್ದಕ್ಕೆ. ತಪಾಸಣೆ ಮಾಡಿದ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. 2023ರಲ್ಲಿ ಮತ್ತೆ ತಪಾಸಣೆ, ಮತ್ತೆ ಬೆಂಗಳೂರು, ಜೊತೆಗೆ ದೆಹಲಿ, ಕೊಚ್ಚಿ. ಈ ಸಲ ತಡವಾದವರಿಗೆ ಹೋಟೆಲ್ ಕೊಟ್ಟಿಲ್ಲ, ಸಿಬ್ಬಂದಿಗೆ ನಿಯಮದ ತರಬೇತಿ ಇಲ್ಲ ಅಂತ. ನವೆಂಬರ್‌ನಲ್ಲಿ ದಂಡ. ಎಷ್ಟು? ಮತ್ತೆ ಅದೇ 10 ಲಕ್ಷ. 2020ರ ತಿದ್ದುಪಡಿಯಲ್ಲಿ ಸಂಸತ್ತು ಗರಿಷ್ಠ ದಂಡವನ್ನ 10 ಲಕ್ಷದಿಂದ ಒಂದು ಕೋಟಿಗೆ ಏರಿಸಿತ್ತು. ಎರಡನೇ ಸಲಕ್ಕೂ ಹಳೇ ರೇಟೇ ಅಂದ್ರೆ, ಆ ತಿದ್ದುಪಡಿ ಯಾರಿಗೋಸ್ಕರ?

ಇನ್ನು ಮೊನ್ನೆಯ ಡಿಸೆಂಬರ್ ಗಲಾಟೆ ನಿಮಗೆ ನೆನಪಿರುತ್ತೆ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2024ರ ಜನವರಿಯಲ್ಲೇ ಬಂದಿತ್ತು. ಎರಡನೇ ಹಂತ 2025ರ ನವೆಂಬರ್ 1ರಿಂದ ಜಾರಿ. ಇಂಡಿಗೋ ಅದಕ್ಕೆ ಬೇಕಾದ ತಯಾರಿ ಮಾಡಿಕೊಂಡಿರಲಿಲ್ಲ. ಡಿಸೆಂಬರ್ 3ರಿಂದ 5ರವರೆಗೆ ಮೂರೇ ದಿನದಲ್ಲಿ 2,507 ವಿಮಾನ ರದ್ದು, 1,852 ತಡ. ಮೂರು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡ್ರು. ಕೆಂಪೇಗೌಡ ನಿಲ್ದಾಣದಲ್ಲಿ ಸೂಟ್‌ಕೇಸುಗಳ ಗುಡ್ಡೆಯನ್ನ ನಾವೇ ತೋರಿಸಿದ್ವಿ.

ಹುಬ್ಬಳ್ಳಿಯ ಆ ಆರತಕ್ಷತೆಯನ್ನೂ ತೋರಿಸಿದ್ವಿ. ಭುವನೇಶ್ವರದಲ್ಲಿ ಮದುವೆ ಮುಗಿದಿತ್ತು, ಡಿಸೆಂಬರ್ 3ಕ್ಕೆ ಹುಬ್ಬಳ್ಳಿಯಲ್ಲಿ ಆರತಕ್ಷತೆ. ವಿಮಾನ ರದ್ದಾಗಿ ಮದುಮಕ್ಕಳೇ ಬರೋಕಾಗಲಿಲ್ಲ. ವೇದಿಕೆ ಮೇಲಿನ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತ್ರು, ಮದುಮಕ್ಕಳು ಅಲ್ಲೆಲ್ಲೋ ಅಲಂಕಾರ ಮಾಡಿಕೊಂಡು ಪರದೆ ಮೇಲೆ ಕೈ ಮುಗಿದ್ರು. ಒಂದು ಮಾತು ಒಪ್ಕೊಳ್ತೀನಿ. ನಾವು ಚಾನೆಲ್‌ನವರು ಅದನ್ನ ಸ್ವಲ್ಪ ತಮಾಷೆ ಸುದ್ದಿ ಥರಾನೇ ಹಾಕಿದ್ವಿ. ಛತ್ರದ ಬಾಡಿಗೆ, ಅಡುಗೆಯವರ ಮುಂಗಡ, ಆ ತಾಯಿಯ ಮುಖ, ಇದ್ಯಾವುದರ ಲೆಕ್ಕವೂ 'ಮೂಲ ಟಿಕೆಟ್ ದರ ಅಥವಾ 10,000' ಅನ್ನೋ ಸೂತ್ರದಲ್ಲಿ ಬರೋಲ್ಲ.

ಇಂಡಿಗೋಗೆ 2026ರ ಜನವರಿಯಲ್ಲಿ ದಂಡ ಬಿತ್ತು: 22.20 ಕೋಟಿ. ಕೇಳೋಕೆ ದೊಡ್ಡದು. ಮೂರು ಲಕ್ಷ ಜನಕ್ಕೆ ಹಂಚಿ ನೋಡಿ. ತಲೆಗೆ 740 ರೂಪಾಯಿ. ಅದೂ ಅವರ ಕೈಗಲ್ಲ, ಖಜಾನೆಗೆ. ತೀವ್ರ ತೊಂದರೆ ಆದವರಿಗೆ ಸಂಸ್ಥೆ, ನಿಯಮದ ಪರಿಹಾರದ ಜೊತೆಗೆ 10,000 ರೂಪಾಯಿಯ ವೋಚರ್ ಘೋಷಿಸಿತು. ಹನ್ನೆರಡು ತಿಂಗಳು ಮಾನ್ಯ. ಮತ್ತೆ ವೋಚರ್! ನಿಮ್ಮಿಂದ ಕೆಟ್ಟೋದವನು ಮತ್ತೆ ನಿಮ್ಮ ಬಾಗಿಲಿಗೇ ಬರಬೇಕು.

ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಸೌತ್‌ವೆಸ್ಟ್ ಅನ್ನೋ ಸಂಸ್ಥೆ ಹೀಗೇ ಕುಸಿದಿತ್ತು. ಅವರಿಗೆ ಬಿದ್ದ ದಂಡ 14 ಕೋಟಿ ಡಾಲರ್. ಅದರಲ್ಲಿ ಸರ್ಕಾರಕ್ಕೆ ಕಟ್ಟಬೇಕು ಅಂತ ಆದೇಶದಲ್ಲಿದ್ದದ್ದು ಮೂರೂವರೆ ಕೋಟಿ ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲನ್ನ, ಮುಂದೆ ಸಂಸ್ಥೆಯ ತಪ್ಪಿಂದ ಮೂರು ಗಂಟೆ ತಡವಾದವರಿಗೆ ಕೊಡಬೇಕು ಅಂತ ಕಟ್ಟಿಹಾಕಿದ್ರು. ಅಲ್ಲೂ ವೋಚರ್ರೇ, ನಿಜ. ಆದ್ರೆ ದಂಡದ ದುಡ್ಡು ಪ್ರಯಾಣಿಕನ ಕಡೆ ಹರಿಯೋ ಕಾಲುವೆ ಒಂದನ್ನಾದ್ರೂ ತೋಡಿದ್ರು.

ವಿಮಾನ ಸಂಸ್ಥೆಗಳ ಮಾತನ್ನೂ ಕೇಳಬೇಕು. ಇಂಧನ ದುಬಾರಿ, ಮೂರು ಸಾವಿರದ ಟಿಕೆಟ್‌ಗೆ ಹತ್ತು ಸಾವಿರ ಪರಿಹಾರ ಅಂದ್ರೆ ದರ ಏರುತ್ತೆ, ದರ ಏರಿದ್ರೆ ಹೊಸದಾಗಿ ವಿಮಾನ ಹತ್ತುವವರೇ ಕೆಳಗುಳೀತಾರೆ ಅಂತಾರೆ. ತೀರಾ ಸುಳ್ಳಲ್ಲ. ಮಂಜು, ಮಳೆ, ಎಟಿಸಿ ತೊಂದರೆಗೆ ಅವರನ್ನ ಹೊಣೆ ಮಾಡಬೇಕು ಅಂತ ನಾನೂ ಹೇಳ್ತಿಲ್ಲ, ನಿಯಮದಲ್ಲೂ ಅದಕ್ಕೆ ವಿನಾಯಿತಿ ಇದೆ. ಆದ್ರೆ ನಾನು ಕೇಳ್ತಿರೋದು ಹೊಸ ಪರಿಹಾರ ಅಲ್ಲ. ಈಗಾಗಲೇ ಬರೆದಿಟ್ಟಿರೋದನ್ನ ಕೊಡಿ ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗಾಗಿದೆ ಇದು. ಆ ಪೂಜಾರಿಯನ್ನ ನೋಡ್ಕೊಳ್ಳಬೇಕಾದ ಡಿಜಿಸಿಎಯಲ್ಲೇ ಅರ್ಧದ ಹತ್ತಿರ ಹುದ್ದೆ ಖಾಲಿ ಅಂತ ಸಂಸದೀಯ ಸಮಿತಿ 2025ರಲ್ಲಿ ಹೇಳಿದೆ.

ಹಾಗಾದ್ರೆ ದಾರಿ? ನಮ್ಮಲ್ಲೇ ಇದೆ. ಎಟಿಎಮ್ಮಿಂದ ದುಡ್ಡು ಬರದೆ ಖಾತೆಯಿಂದ ಮಾತ್ರ ಕಟ್ ಆದ್ರೆ ಏನಾಗುತ್ತೆ? 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಐದು ದಿನದೊಳಗೆ ದುಡ್ಡು ಖಾತೆಗೆ ವಾಪಸ್ ಬರಬೇಕು, ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಮುಖ್ಯವಾದ ಮಾತು ಯಾವುದು ಅಂದ್ರೆ, ಗ್ರಾಹಕ ದೂರು ಕೊಡೋವರೆಗೆ ಕಾಯೋ ಹಾಗಿಲ್ಲ, ತಾನಾಗೇ ಹಾಕಬೇಕು. ಇದನ್ನೇ ವಿಮಾನಕ್ಕೂ ಯಾಕೆ ಮಾಡಬಾರದು? ವಿಮಾನ ಎಷ್ಟು ಗಂಟೆಗೆ ಹೊರಟಿತು ಅನ್ನೋದು ಕಂಪ್ಯೂಟರಿನಲ್ಲಿ ನಿಮಿಷ ಸಮೇತ ಇದೆ. ನಿಮ್ಮ ಫೋನ್ ನಂಬರ್ ಇದೆ. ದುಡ್ಡು ಯಾವ ಕಾರ್ಡಿಂದ, ಯಾವ ಯುಪಿಐಯಿಂದ ಬಂತು ಅನ್ನೋದೂ ಇದೆ. ಒಂದು ಸಣ್ಣ ಪ್ರೋಗ್ರಾಮ್ ಸಾಕು. ನನ್ನ ಜೊತೆ ಓದಿದ ಹುಡುಗರು ಒಂದು ವಾರದಲ್ಲಿ ಬರೆದುಕೊಡ್ತಾರೆ. ಇಲ್ಲದೇ ಇರೋದು ಕೊಡಲೇಬೇಕು ಅನ್ನೋ ಒತ್ತಡ.

ಅದು ಬರೋವರೆಗೆ ನಾವೇನು ಮಾಡಬಹುದು? ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಬೋರ್ಡ್ ಮೇಲೆ ತಡ ಅಂತ ತೋರಿಸಿದಾಗೆಲ್ಲ ಒಂದೊಂದು ಫೋಟೋ ತೆಗೀರಿ, ಮೆಸೇಜುಗಳನ್ನ ಅಳಿಸಬೇಡಿ. ಕೈಯಿಂದ ಊಟಕ್ಕೋ ರೂಮಿಗೋ ಖರ್ಚು ಮಾಡಿದ್ರೆ ರಸೀದಿ ಇಟ್ಕೊಳ್ಳಿ. ಕಾರಣವನ್ನ ಬರವಣಿಗೆಯಲ್ಲಿ ಕೇಳಿ. ರದ್ದಾದ ಟಿಕೆಟ್ ದುಡ್ಡನ್ನ ನಿಮ್ಮ ಒಪ್ಪಿಗೆ ಇಲ್ಲದೆ ಮುಂದಿನ ಪ್ರಯಾಣಕ್ಕೆ ಜಮಾ ಅಂತ ಇಟ್ಟುಕೊಳ್ಳೋ ಹಾಗಿಲ್ಲ, ಅದು ನಿಮ್ಮ ಆಯ್ಕೆ ಅಂತ ನಿಯಮದಲ್ಲೇ ಇದೆ. ಮೊದಲು ಸಂಸ್ಥೆಗೆ ದೂರು, ಆಮೇಲೆ ಕೇಂದ್ರದ ಏರ್‌ಸೇವಾ. 1915ಕ್ಕೆ ಫೋನ್ ಮಾಡಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತೆ.

ಅಲ್ಲೂ ಆಗದಿದ್ರೆ ಗ್ರಾಹಕ ಆಯೋಗ. ಇಲ್ಲಿ ನಮ್ಮ ತಾಲ್ಲೂಕಿನವರು ತಿಳ್ಕೊಳ್ಳಬೇಕಾದ ವಿಷಯ ಒಂದಿದೆ. ಹಳೇ ಕಾನೂನಲ್ಲಿ ಸಂಸ್ಥೆಯ ಕಚೇರಿ ಇರೋ ಕಡೆ ಅಥವಾ ಘಟನೆ ನಡೆದ ಕಡೆ ಹೋಗಬೇಕಿತ್ತು. ಅಂದ್ರೆ ಬೆಂಗಳೂರಿಗೋ ದೆಹಲಿಗೋ ಅಲೆದಾಟ. 2019ರ ಗ್ರಾಹಕ ರಕ್ಷಣಾ ಕಾಯ್ದೆ, 2020ರ ಜುಲೈನಲ್ಲಿ ಜಾರಿಗೆ ಬಂದದ್ದು, ಅದನ್ನ ಬದಲಾಯಿಸಿತು. ನೀವು ಎಲ್ಲಿ ವಾಸ ಇದ್ದೀರೋ ಅಲ್ಲೇ ದೂರು ಕೊಡಬಹುದು. ನಾಗಮಂಗಲದವರು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದ್ರೆ ಸಾಕು, ನಲವತ್ತು ಕಿಲೋಮೀಟರ್. ವಿಮಾನ ಸಂಸ್ಥೆಯೇ ಮಂಡ್ಯಕ್ಕೆ ಉತ್ತರ ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿಯಲ್ಲಿ ಮನೆಯಿಂದಲೇ ಹಾಕಬಹುದು. ಆದೇಶ ಪಾಲಿಸದಿದ್ರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಮ್ಮಿ ಇಲ್ಲದಂತೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಡಿಜಿಸಿಎ ದಂಡದಲ್ಲಿ ಇಲ್ಲದ ಹಲ್ಲು ಇಲ್ಲಿದೆ. ಗಡುವು ಮಾತ್ರ ಎರಡು ವರ್ಷ.

ದೊಡ್ಡಪ್ಪನ ಬೋರ್ಡಿಂಗ್ ಪಾಸ್ ಎಲ್ಲಿ ಅಂತ ಮೊನ್ನೆ ಕೇಳಿದೆ. ಪಂಚಾಂಗದ ಮಧ್ಯೆ ಇಟ್ಟಿದ್ದಾರೆ. ಮೊದಲ ವಿಮಾನದ ನೆನಪಿಗೆ ಅಂತೆ. ಎರಡು ವರ್ಷ ತುಂಬೋಕೆ ಇನ್ನೂ ನಾಲ್ಕು ತಿಂಗಳಿದೆ. ಅರ್ಜಿ ಬರೆದಿಟ್ಟಿದ್ದೀನಿ, ಈ ಭಾನುವಾರ ಊರಿಗೆ ಹೋಗಿ ಸಹಿ ಹಾಕಿಸ್ಕೊಂಡು ಬರಬೇಕು. "ಆ ಚೀಟಿ ವಾಪಸ್ ಕೊಡ್ತಾರೇನ್ಲಾ?" ಅಂತ ಕೇಳಿದ್ರು. ಜೆರಾಕ್ಸ್ ಸಾಕು ಅಂದೆ.