ವಿಷ ಇಳಿಸುತ್ತ ಗೆದ್ದ ಕಥೆ

2011ರ ಮಾರ್ಚ್ 6ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯುವರಾಜ್ ಸಿಂಗ್ ಐರ್ಲೆಂಡಿನ ಐದು ವಿಕೆಟ್ ಕಿತ್ತರು, ಅಜೇಯ ಅರ್ಧಶತಕವನ್ನೂ ಬಾರಿಸಿದರು. ವಿಶ್ವಕಪ್‌ನ ಒಂದೇ ಪಂದ್ಯದಲ್ಲಿ ಇವೆರಡನ್ನೂ ಸಾಧಿಸಿದವರಲ್ಲಿ ಅವರೇ ಮೊದಲಿಗರು. ಮರುವರ್ಷ ಅವರು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕಿಮೊಥೆರಪಿ ಪಡೆಯುತ್ತಿದ್ದರು. ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದ ಗಡ್ಡೆ ಸೆಮಿನೋಮಾ, ಅಂದರೆ ವೃಷಣದ ಕ್ಯಾನ್ಸರಿನ ಕುಲಕ್ಕೇ ಸೇರಿದ್ದು. 2012ರ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಭಾರತದ ಪರ ಆಡಿದರು.

ಅಷ್ಟು ದೂರದ ಇಂಡಿಯಾನಾಪೊಲಿಸ್ಸೇ ಯಾಕೆ? ಈ ಕುಲದ ಕ್ಯಾನ್ಸರ್ ಗುಣವಾಗತೊಡಗಿದ್ದು ಅಲ್ಲಿನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ, ಡಾ. ಲಾರೆನ್ಸ್ ಐನ್‌ಹಾರ್ನ್ ಅವರ ಕೈಯಲ್ಲಿ.

ಅದಕ್ಕೆ ಬೇಕಾದ ಔಷಧ ಸಿಕ್ಕಿದ್ದು ಮಾತ್ರ ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕಡೆ. 1960ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಭೌತವಿಜ್ಞಾನಿಗೆ ಒಂದು ಕುತೂಹಲ ಹುಟ್ಟಿತು. ಜೀವಕೋಶ ಇಬ್ಭಾಗವಾಗುವಾಗಿನ ಚಿತ್ರ ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ನಿಲ್ಲುವ ಬಗೆಯನ್ನು ಅವರಿಗೆ ನೆನಪಿಸಿತ್ತು. ಹಾಗಾದರೆ ವಿದ್ಯುತ್ ಹಾಯಿಸಿದರೆ ಏನಾದೀತು? ಇ. ಕೋಲಿ ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ಪ್ಲಾಟಿನಂ ಕಡ್ಡಿ ಇಳಿಸಿ ವಿದ್ಯುತ್ ಬಿಟ್ಟರು. ಬ್ಯಾಕ್ಟೀರಿಯಾ ಇಬ್ಭಾಗವಾಗುವುದನ್ನೇ ನಿಲ್ಲಿಸಿ ಶಾವಿಗೆ ಎಳೆಗಳಂತೆ ಉದ್ದುದ್ದ ಬೆಳೆದವು. ಹುಡುಕುತ್ತ ಹೋದಾಗ ಕಾರಣ ವಿದ್ಯುತ್ತಲ್ಲ ಎಂದು ತಿಳಿಯಿತು. ಯಾವುದರ ಜೊತೆಗೂ ಸುಲಭವಾಗಿ ಬೆರೆಯದ ಪ್ಲಾಟಿನಂ ದ್ರಾವಣದಲ್ಲಿ ಒಂದಿಷ್ಟು ಕರಗಿ ಹೊಸ ಸಂಯುಕ್ತವಾಗಿತ್ತು. ಅದೇ ಸಿಸ್‌ಪ್ಲಾಟಿನ್. ಇಟಲಿಯ ಮಿಕೆಲೆ ಪೆರೋನೆ 19ನೇ ಶತಮಾನದ ನಡುವಿನಲ್ಲೇ ಅದನ್ನು ತಯಾರಿಸಿದ್ದರು, ಉಪಯೋಗ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ಡಿಎನ್‌ಎಗೆ ಅಂಟಿಕೊಂಡು ಜೀವಕೋಶದ ವಿಭಜನೆಯನ್ನು ತಡೆಯುತ್ತದೆ. ವೃಷಣ ಕ್ಯಾನ್ಸರಿನ ಕೋಶಗಳಿಗೆ ಹಾಗೆ ಹಾಳಾದ ಡಿಎನ್‌ಎಯನ್ನು ದುರಸ್ತಿ ಮಾಡಿಕೊಳ್ಳುವ ಶಕ್ತಿ ಕಡಿಮೆ. ಅವು ಈ ಔಷಧಕ್ಕೆ ಅಷ್ಟು ಬೇಗ ಮಣಿಯುವುದಕ್ಕೆ ಇದೊಂದು ಮುಖ್ಯ ಕಾರಣ.

1974ರಲ್ಲಿ ಐನ್‌ಹಾರ್ನ್ ಮುಂದೆ ಬಂದವನು ಇಪ್ಪತ್ತಮೂರರ ಒಬ್ಬ ವಿದ್ಯಾರ್ಥಿ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು, ಇದ್ದ ಔಷಧಗಳೆಲ್ಲ ಸೋತಿದ್ದವು. ಆ ಕಾಲದಲ್ಲಿ ಹೀಗೆ ಹರಡಿದ ಮೇಲೆ ಬದುಕುತ್ತಿದ್ದವರು ಹತ್ತರಲ್ಲಿ ಒಬ್ಬರಿದ್ದರೆ ಹೆಚ್ಚು. ವಿನ್‌ಬ್ಲಾಸ್ಟಿನ್ ಮತ್ತು ಬ್ಲಿಯೊಮೈಸಿನ್ ಜೊತೆಗೆ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಸೇರಿಸಿದರು. ಎದೆಯ ಎಕ್ಸ್-ರೇಯಲ್ಲಿದ್ದ ಗಡ್ಡೆಗಳು ಕರಗಿದವು, ಹುಡುಗ ಉಳಿದ. 1977ರಲ್ಲಿ ಪ್ರಕಟವಾದ ವರದಿಯಲ್ಲಿ 47 ರೋಗಿಗಳ ಪೈಕಿ ಬಹುಪಾಲು ಮಂದಿಯಲ್ಲಿ ಈ ಮೂರು ಔಷಧಗಳಿಂದಲೇ ರೋಗದ ಕುರುಹು ಪೂರ್ತಿ ಮಾಯವಾಗಿತ್ತು. ಮರುವರ್ಷ ಅಮೆರಿಕ ಸರ್ಕಾರ ಔಷಧಕ್ಕೆ ಒಪ್ಪಿಗೆ ಕೊಟ್ಟಿತು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಇದರ ಉತ್ತರಾರ್ಧವೇ ಹೆಚ್ಚು ಜಾಣತನದ್ದು. ಉಳಿಸುವ ಔಷಧ ಸಿಕ್ಕಿತ್ತು, ಆದರೆ ಅದು ವಿಷವೇ. ಮೂತ್ರಪಿಂಡ ಕೆಡಿಸುತ್ತಿತ್ತು, ನಿಲ್ಲದ ವಾಂತಿ ತರುತ್ತಿತ್ತು. ನ್ಯೂಯಾರ್ಕಿನ ವೈದ್ಯರು ಔಷಧದ ಜೊತೆ ಧಾರಾಳವಾಗಿ ಡ್ರಿಪ್ ಹಾಕಿ, ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಕೊಟ್ಟು ಮೂತ್ರಪಿಂಡ ಕಾಪಾಡಬಹುದೆಂದು ತೋರಿಸಿದರು. 1990ರ ದಶಕದ ಹೊತ್ತಿಗೆ ಬಂದ ಒಂಡಾನ್‌ಸೆಟ್ರಾನ್ ವಾಂತಿಯನ್ನು ಹಿಡಿತಕ್ಕೆ ತಂದಿತು.

ಇತ್ತ ಇಂಡಿಯಾನಾದಲ್ಲಿ ಒಂದೊಂದು ಪ್ರಯೋಗದ ಪ್ರಶ್ನೆಯೂ ಒಂದೇ ಆಗಿತ್ತು: ಏನನ್ನು ಬಿಟ್ಟರೂ ರೋಗಿ ಉಳಿಯುತ್ತಾನೆ? ವಿನ್‌ಬ್ಲಾಸ್ಟಿನ್ ಪ್ರಮಾಣ ತಗ್ಗಿಸಿದರು, ಗುಣ ಕಡಿಮೆಯಾಗಲಿಲ್ಲ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಕೊಡುತ್ತಿದ್ದ ಇಂಜೆಕ್ಷನ್ ನಿಲ್ಲಿಸಿದರು, ಆಗಲೂ ಇಲ್ಲ. 1987ರಲ್ಲಿ ವಿನ್‌ಬ್ಲಾಸ್ಟಿನ್ ಜಾಗಕ್ಕೆ ನರ ಮತ್ತು ಸ್ನಾಯುಗಳಿಗೆ ಕಡಿಮೆ ತೊಂದರೆ ಕೊಡುವ ಎಟೊಪೊಸೈಡ್ ಬಂತು. ರೋಗ ಅಷ್ಟು ತೀವ್ರವಾಗಿರದವರಿಗೆ ನಾಲ್ಕು ಸುತ್ತಿನ ಕಿಮೊ ಮೂರಕ್ಕೆ ಇಳಿಯಿತು. ಅಲ್ಲಿಯ ಶಸ್ತ್ರವೈದ್ಯ ಜಾನ್ ಡೊನೊಹ್ಯೂ, ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳನ್ನು ತೆಗೆಯುವಾಗ ವೀರ್ಯಸ್ಖಲನದ ನರಗಳನ್ನು ಉಳಿಸುವ ವಿಧಾನ ರೂಢಿಸಿದವರಲ್ಲಿ ಪ್ರಮುಖರು. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯಲ್ಲಿ ಮೈಕೆಲ್ ಪೆಕ್‌ಹ್ಯಾಮ್ ಇನ್ನೂ ಮುಂದೆ ಹೋದರು. ರೋಗ ವೃಷಣದಲ್ಲಷ್ಟೇ ಇದ್ದರೆ ಅದನ್ನು ತೆಗೆದು, ಆಮೇಲೆ ಏನೂ ಕೊಡದೆ ರಕ್ತಪರೀಕ್ಷೆ, ಸ್ಕ್ಯಾನ್‌ಗಳಲ್ಲಿ ಕಣ್ಣಿಟ್ಟು ಕಾಯುವುದು ಅವರ ದಾರಿ.

ಇಷ್ಟೆಲ್ಲ ಇಳಿಸಿದರೂ ಬದುಕುಳಿಯುವವರ ಸಂಖ್ಯೆ ಏರುತ್ತಲೇ ಹೋಯಿತು. ಅಮೆರಿಕದಲ್ಲಿ ಇಂದು ವೃಷಣ ಕ್ಯಾನ್ಸರ್ ಬಂದವರಲ್ಲಿ ಶೇ 95ರಷ್ಟು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ್ದರೂ ಶೇ 70ಕ್ಕಿಂತ ಹೆಚ್ಚು ಮಂದಿ ದಾಟುತ್ತಾರೆ. ಡೆನ್ಮಾರ್ಕ್, ನಾರ್ವೆಗಳಲ್ಲಿ ಈ ರೋಗ ಹೆಚ್ಚು. ಭಾರತದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗೂ ಬರುವುದಿಲ್ಲ. ಸಿಸ್‌ಪ್ಲಾಟಿನ್ ನಮ್ಮ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಇಪ್ಪತ್ತು, ಮೂವತ್ತರ ಹರೆಯದಲ್ಲಿ ಗುಣವಾದವರಿಗೆ ಮುಂದೆ ಅರ್ಧ ಶತಮಾನದ ಬದುಕಿದೆ. ಆದ್ದರಿಂದಲೇ ಉಳಿದ ವಿಷದ ಲೆಕ್ಕವೂ ಮುಖ್ಯ. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಕೆಲವರಿಗೆ ಕಿವಿ ಮಂದವಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ, ವರ್ಷಗಳ ನಂತರ ಹೃದ್ರೋಗದ ಅಪಾಯ ಹೆಚ್ಚುತ್ತದೆ. ಮಕ್ಕಳಾಗುವುದಕ್ಕೆ ತೊಡಕಾಗಬಹುದೆಂದು ಕಿಮೊಗೆ ಮುಂಚೆಯೇ ವೀರ್ಯ ತೆಗೆದಿಡಲು ಹೇಳುತ್ತಾರೆ.

ಇನ್ನೂ ಇಳಿಸಲು ಸಾಧ್ಯವೇ? ಒಂದು ಮಟ್ಟಿಗೆ ಅದು ರೋಗಿಯ ಕೈಯಲ್ಲೇ ಇದೆ. ಈ ಗಡ್ಡೆ ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು, ಅದೂ ಆ ಜಾಗದ್ದನ್ನು, ಗಂಡಸರು ಹೇಳಿಕೊಳ್ಳುವುದೂ ಇಲ್ಲ. ಬೀಜ ಗಟ್ಟಿಯಾದಂತೆ, ಭಾರವಾದಂತೆ ಅನಿಸಿದಾಗಲೇ ಹೋದರೆ ಒಂದು ಅಲ್ಟ್ರಾಸೌಂಡ್, ಒಂದಿಷ್ಟು ರಕ್ತಪರೀಕ್ಷೆಯಲ್ಲಿ ಹೆಚ್ಚಿನ ವಿಷಯ ತಿಳಿಯುತ್ತದೆ. ವೃಷಣದಲ್ಲೇ ನಿಂತ ಸೆಮಿನೋಮಾ ಆಗಿದ್ದರೆ ಐವರಲ್ಲಿ ನಾಲ್ವರಿಗೆ ಆಪರೇಷನ್ ಒಂದೇ ಸಾಕು, ಕಿಮೊ ಬೇಕಾಗುವುದೇ ಇಲ್ಲ.