ಪಶುವೈದ್ಯನ ಮೇಜಿನ ಮೇಲೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ಮನುಷ್ಯರನ್ನು ಕುರಿತು. ದನ, ಎಮ್ಮೆ, ನಾಯಿ, ಬೆಕ್ಕುಗಳಿಗೆ ರೋಗ ತಪ್ಪಿದ್ದಲ್ಲ. ಬಂದ ರೋಗವನ್ನು ಹೇಳಿಕೊಳ್ಳಲು ಮಾತೂ ಇಲ್ಲ. ನೋವು ಎಲ್ಲಿ, ಎಂದಿನಿಂದ, ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ರೋಗಿಯಿಂದಲೇ ಉತ್ತರ ಪಡೆಯುವ ಅನುಕೂಲ ಮನುಷ್ಯರ ವೈದ್ಯನಿಗುಂಟು. ಪಶುವೈದ್ಯನಿಗೆ ಅದಿಲ್ಲ. ಆತನ ಮೇಜಿನ ಮೇಲಿನ ಸಲಕರಣೆಗಳೇ ಆ ಮೂಕರೋಗಿಯ ನಾಲಗೆ.

ಊರಿನ ಕೊಟ್ಟಿಗೆಯನ್ನು ಬಿಟ್ಟು ಮುಂಬಯಿಯ ಮಹಡಿಮನೆಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂದು ನಾಯಿ ಬೆಕ್ಕುಗಳನ್ನು ಸಾಕಿರುವವರು ಅನೇಕರು. ಅಜ್ಜನ ಕಾಲದಲ್ಲಿ ದನದ ವೈದ್ಯನೇ ಮನೆಯಂಗಳಕ್ಕೆ ಬರುತ್ತಿದ್ದನು; ಇಲ್ಲಿ ಪ್ರಾಣಿಯನ್ನೇ ಎತ್ತಿಕೊಂಡು ವೈದ್ಯಶಾಲೆಗೆ ಹೋಗಬೇಕು. ಅಲ್ಲಿ ಉಕ್ಕಿನ ಮೇಜು, ಬಾಯಿಪಟ್ಟಿ, ಸೂಜಿ, ಕತ್ತರಿಗಳನ್ನು ಕಂಡು ಪ್ರಾಣಿಗಿಂತ ಒಡೆಯನೇ ಹೆಚ್ಚು ಹೆದರುವುದುಂಟು. ಯಾವ ಸಲಕರಣೆ ಯಾತಕ್ಕೆ ಎಂಬುದು ತಿಳಿದಿದ್ದರೆ ಈ ಹೆದರಿಕೆ ಬಹುಮಟ್ಟಿಗೆ ಕಡಮೆಯಾಗುತ್ತದೆ. ಅಷ್ಟೇ ಅಲ್ಲ, ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಆಧುನಿಕ ಪಶುವೈದ್ಯ ಶಿಕ್ಷಣ ಮುಂಬಯಿಯ ಪರೇಲಿನಲ್ಲಿ 1886ರಷ್ಟು ಹಿಂದೆಯೇ ಬೇರೂರಿತು. ಮದರಾಸಿನ ಕಾಲೇಜು 1903ರದು, ಬೆಂಗಳೂರು ಹೆಬ್ಬಾಳದ್ದು 1958ರದು.

ವೈದ್ಯನು ಮೊದಲು ಕೈಗೆತ್ತಿಕೊಳ್ಳುವುದು ಥರ್ಮಾಮೀಟರನ್ನು. ಪ್ರಾಣಿಯ ಬಾಯಲ್ಲಿ ಇದನ್ನು ಇಡಲಾಗದು, ಕಚ್ಚಿ ಮುರಿದೀತು. ಆದುದರಿಂದ ತುದಿಗೆ ವ್ಯಾಸಲೀನು ಸವರಿ ಗುದದ್ವಾರದಲ್ಲಿ ಇಡುವುದು ರೂಢಿ. ದನಗಳಿಗೆ ಬಳಸುವ ಥರ್ಮಾಮೀಟರಿಗೆ ದಾರ ಕಟ್ಟಿ ಬಾಲದ ಕೂದಲಿಗೆ ಸಿಕ್ಕಿಸಿರುತ್ತಾರೆ. ಇಲ್ಲವಾದರೆ ಅದು ಸೆಗಣಿಯೊಡನೆ ನೆಲಕ್ಕೆ ಬಿದ್ದು ಒಡೆಯುವುದು ಖಂಡಿತ. ಇಲ್ಲಿ ಒಡೆಯರು ತಿಳಿದಿರಬೇಕಾದ ಸಂಗತಿಯೊಂದಿದೆ. ಮನುಷ್ಯನಿಗೆ 98.4 ಡಿಗ್ರಿ ಫ್ಯಾರನ್‌ಹೀಟ್ ಸಹಜವಾದರೆ, ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5ರವರೆಗೆ ಇರುತ್ತದೆ. ಬೆಕ್ಕಿಗೂ ಹೆಚ್ಚುಕಡಮೆ ಅಷ್ಟೇ. ಹಸುವಿನದು 101.5ರ ಆಸುಪಾಸು. ಕೋಳಿಯದಂತೂ 106ನ್ನು ಮುಟ್ಟುತ್ತದೆ. ಇದನ್ನರಿಯದ ಮನೆಯವರು ನಾಯಿಯ ಮೈ ಮುಟ್ಟಿ ‘ಜ್ವರ ಬಂದಿದೆ’ ಎಂದು ಗಾಬರಿಗೊಳ್ಳುವುದೂ, ಆ ಗಾಬರಿಯಲ್ಲಿ ತಮ್ಮ ಔಷಧಿಯ ಡಬ್ಬಿಗೆ ಕೈಹಾಕುವುದೂ ನಡೆದೇ ಇದೆ. ಆ ಡಬ್ಬಿಯ ಅಪಾಯವನ್ನು ಮುಂದೆ ಹೇಳಬೇಕಾಗಿದೆ.

ಎರಡನೆಯದು ಸ್ಟೆತೊಸ್ಕೋಪು. ಪ್ಯಾರಿಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ್ದೇ ಇದರ ಮೂಲ. ಮನುಷ್ಯರ ವೈದ್ಯನು ಇದರಿಂದ ಹೃದಯವನ್ನೂ ಶ್ವಾಸಕೋಶವನ್ನೂ ಆಲಿಸುತ್ತಾನೆ. ಪಶುವೈದ್ಯನು ಇವುಗಳೊಂದಿಗೆ ದನದ ಹೊಟ್ಟೆಯನ್ನೂ ಬಹು ಶ್ರದ್ಧೆಯಿಂದ ಆಲಿಸುತ್ತಾನೆ. ಎಡಪಕ್ಕೆಯ ಗುಳಿಯಲ್ಲಿ ಸ್ಟೆತೊಸ್ಕೋಪನ್ನಿಟ್ಟರೆ, ಮೇವನ್ನು ಹುದುಗಿಸುವ ದೊಡ್ಡಹೊಟ್ಟೆ ದೂರದ ಗುಡುಗಿನಂತೆ ನಿಮಿಷಕ್ಕೆ ಒಂದೆರಡು ಬಾರಿ ಉರುಳುವುದು ಕೇಳಿಸುತ್ತದೆ. ಆ ಗುಡುಗು ನಿಂತಿತೆಂದರೆ ಮೆಲುಕು ನಿಂತಿದೆ, ಹಸು ನಿಜವಾಗಿಯೂ ಕಾಯಿಲೆಯಲ್ಲಿದೆ ಎಂದೇ ಅರ್ಥ. ಕರು ಹಾಕಿದ ಕೆಲವು ವಾರಗಳಲ್ಲಿ, ಹೆಚ್ಚು ಹಾಲು ಕೊಡುವ ಹಸುಗಳ ನಾಲ್ಕನೆಯ ಹೊಟ್ಟೆ ಗಾಳಿ ತುಂಬಿ ತನ್ನ ಸ್ಥಾನ ಬಿಟ್ಟು ಎಡಕ್ಕೆ ಸರಿಯುವುದುಂಟು. ಆಗ ಪಕ್ಕೆಲುಬಿನ ಮೇಲೆ ಬೆರಳಿನಿಂದ ಚಿಮ್ಮಿದರೆ ಸ್ಟೆತೊಸ್ಕೋಪಿನಲ್ಲಿ ಕಂಚಿನ ಪಾತ್ರೆ ಬಡಿದಂತಹ ‘ಠಣ್’ ಎಂಬ ನಾದ ಹೊರಡುತ್ತದೆ. ಮತ್ತಾವ ಯಂತ್ರದ ಸಹಾಯವೂ ಇಲ್ಲದೆ ಆ ಒಂದು ನಾದದಿಂದ ರೋಗವನ್ನು ಗುರುತಿಸುವ ವೈದ್ಯರಿದ್ದಾರೆ.

ಇಷ್ಟು ಪರೀಕ್ಷೆಗೂ ಪ್ರಾಣಿ ಮಿಸುಕದೆ ನಿಲ್ಲಬೇಕಷ್ಟೆ. ಕಣದಲ್ಲಿ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಕಟ್ಟುವುದನ್ನು ಕಂಡವರಿಗೆ ನಾಯಿಯ ಬಾಯಿಪಟ್ಟಿ ಅಪರಿಚಿತವೆನಿಸದು. ಅದು ಶಿಕ್ಷೆಯಲ್ಲ. ಎಷ್ಟೇ ಸಾಧುವಾದ ನಾಯಿಯೂ ನೋವಿನಲ್ಲಿ ಒಡೆಯನನ್ನೇ ಕಚ್ಚಬಲ್ಲದು. ಪಟ್ಟಿ ಇಲ್ಲದಾಗ ಅಗಲವಾದ ಬ್ಯಾಂಡೇಜು ಬಟ್ಟೆಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ತಂದು, ಕಿವಿಗಳ ಹಿಂದೆ ಗಂಟು ಹಾಕುತ್ತಾರೆ. ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಮಾತ್ರ ಹೀಗೆ ಕಟ್ಟಬಾರದು. ಬೆಕ್ಕಿಗೆ ಒಂದು ದಪ್ಪ ಟವೆಲು ಸಾಕು. ಮೈಯೆಲ್ಲ ಸುತ್ತಿ ತಲೆಯನ್ನಷ್ಟೇ ಹೊರಗೆ ಬಿಟ್ಟರೆ ಅದು ಶಾಂತವಾಗುತ್ತದೆ. ದೊಡ್ಡ ಪ್ರಾಣಿಗಳಿಗಾಗಿ ಊರಿನ ದನದ ಆಸ್ಪತ್ರೆಯ ಮುಂದೆ ನೆಟ್ಟಿರುವ ಕಂಬಗಳ ಚೌಕಟ್ಟು ಎಲ್ಲರ ನೆನಪಿನಲ್ಲಿಯೂ ಇದ್ದೀತು.

ಶಸ್ತ್ರಚಿಕಿತ್ಸೆಯಾದ ನಾಯಿಯ ಕೊರಳಿಗೆ ತೊಡಿಸುವ, ಆಲಿಕೆಯಂತೆ ಅಗಲವಾದ ಪ್ಲಾಸ್ಟಿಕ್ ಕೊರಳಪಟ್ಟಿಯೂ ಇದೇ ಜಾತಿಗೆ ಸೇರಿದ್ದು. ನೋಡಲು ಹಾಸ್ಯಾಸ್ಪದವಾದ ಈ ವಸ್ತುವನ್ನು ‘ಪಾಪ, ನಿದ್ದೆ ಮಾಡಲಿ’ ಎಂದು ರಾತ್ರಿ ಕಳಚುವ ಗೃಹಿಣಿಯರ ಕರುಣೆಯಿಂದ ಅದೆಷ್ಟು ಹೊಲಿಗೆಗಳು ಬೆಳಗಾಗುವಷ್ಟರಲ್ಲಿ ಬಿಚ್ಚಿಹೋಗಿವೆಯೋ!

ಇನ್ನು ಯಾರೂ ಸಲಕರಣೆಯೆಂದು ಎಣಿಸದ ಸಲಕರಣೆಯೊಂದುಂಟು. ಅದು ಬಾಗಿಲ ಬಳಿ ನೆಲದ ಮೇಲಿರುವ ತೂಕದ ಯಂತ್ರ. ಮನುಷ್ಯರಲ್ಲಿ ‘ದೊಡ್ಡವರಿಗೆ ಒಂದು ಮಾತ್ರೆ’ ಎಂದು ಹೇಳಿಬಿಡಬಹುದು. ನಾಯಿಗಳಲ್ಲಿ ಎರಡು ಕಿಲೋ ತೂಗುವ ಜಾತಿಯೂ ಇದೆ, ಅರುವತ್ತು ಕಿಲೋ ತೂಗುವ ಜಾತಿಯೂ ಇದೆ, ಎರಡೂ ‘ದೊಡ್ಡವರೇ’. ಆದುದರಿಂದ ಅರಿವಳಿಕೆಯಾಗಲಿ, ಹುಳುವಿನ ಔಷಧಿಯಾಗಲಿ, ಪ್ರತಿಯೊಂದನ್ನೂ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕಿಯೇ ಕೊಡಬೇಕು. ತೂಕವನ್ನು ಅಂದಾಜಿನಲ್ಲಿ ಹೇಳುವ ಒಡೆಯನು ಸಾಮಾನ್ಯವಾಗಿ ತಪ್ಪುತ್ತಾನೆ. ಪ್ರೀತಿಯ ನಾಯಿ ಎಲ್ಲರ ಕಣ್ಣಿಗೂ ತೆಳ್ಳಗೇ ಕಾಣುತ್ತದೆ!

ತೂಕವೊಂದೇ ಸಾಲದು, ಜಾತಿಯೂ ಮುಖ್ಯ. ಮನೆಯಲ್ಲಿ ಎಲ್ಲರ ತಲೆನೋವಿಗೂ ಬಳಕೆಯಾಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ಕಡುವಿಷ. ಅದನ್ನು ನಿರಪಾಯವಾಗಿ ಪರಿವರ್ತಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತ್ಯಲ್ಪ. ಇದರ ಫಲವಾಗಿ ರಕ್ತವು ಆಮ್ಲಜನಕವನ್ನು ಒಯ್ಯುವ ಗುಣವನ್ನು ಕಳೆದುಕೊಳ್ಳುತ್ತದೆ, ಒಸಡು ಕಂದುನೀಲಿಗೆ ತಿರುಗುತ್ತದೆ, ಮುಖ ಬಾತುಕೊಳ್ಳುತ್ತದೆ. ಮಕ್ಕಳಿಗೆ ಕೊಡುವ ಮಾತ್ರೆಯಲ್ಲವೇ ಎಂದು ಕೊಟ್ಟ ಒಂದೇ ಮಾತ್ರೆಯಿಂದ ಬೆಕ್ಕು ಸಾಯಬಹುದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರುತ್ತದೆ. ಇಂತಹ ಮಾತ್ರೆಯನ್ನು ಈಗಾಗಲೇ ಕೊಟ್ಟಾಗಿದ್ದರೆ ಸಂಕೋಚಪಟ್ಟು ಮುಚ್ಚಿಡದೆ, ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಕೂಡಲೆ ವೈದ್ಯರ ಬಳಿಗೆ ಓಡಬೇಕು. ಕಾದಷ್ಟೂ ಚಿಕಿತ್ಸೆಗೆ ಅವಕಾಶ ಕಡಮೆ.

ಔಷಧಿಯನ್ನು ಕುಡಿಸುವುದೂ ಒಂದು ವಿದ್ಯೆಯೇ. ರಜೆಯಲ್ಲಿ ಊರಿಗೆ ಹೋದವರು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಬಿದಿರಿನ ಗೊಟ್ಟವನ್ನು ಈಗಲೂ ಕಾಣಬಹುದು. ಓರೆಯಾಗಿ ಕತ್ತರಿಸಿದ ಒಂದು ಗೆಣ್ಣು ಬಿದಿರು, ಅದರೊಳಗೆ ಕಷಾಯ. ಸಾಧನ ಸರಳ, ಆದರೆ ನಿರಪಾಯವಲ್ಲ. ಹಸುವಿನ ತಲೆಯನ್ನು ಆಕಾಶಕ್ಕೆತ್ತಿ, ನಾಲಗೆಯನ್ನು ಎಳೆದು ಹಿಡಿದು ಸುರಿದರೆ ಅದಕ್ಕೆ ನುಂಗಲಾಗದೆ ಕಷಾಯ ಶ್ವಾಸನಾಳಕ್ಕೆ ಇಳಿಯುತ್ತದೆ. ಬಳಿಕ ಬರುವ ಶ್ವಾಸಕೋಶದ ಉರಿಯೂತ ಮೂಲರೋಗಕ್ಕಿಂತ ಘೋರ. ಮೂತಿಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆ ಎತ್ತದೆ, ದವಡೆಯ ಪಕ್ಕದಿಂದ ಸ್ವಲ್ಪಸ್ವಲ್ಪವಾಗಿ ಹಾಕಿ, ಕೆಮ್ಮಿದೊಡನೆ ತಲೆಯನ್ನು ಬಿಟ್ಟುಬಿಡಬೇಕು. ವೈದ್ಯರು ಹೆಚ್ಚಿನ ಔಷಧಿಯನ್ನು ಗಂಟಲ ಮೂಲಕ ಹೊಟ್ಟೆಗೇ ಇಳಿಯುವ ರಬ್ಬರು ನಳಿಕೆಯಿಂದ ಕೊಡುತ್ತಾರೆ.

ಗೊಟ್ಟದ ನೆನಪಿನೊಡನೆ ಹೊಟ್ಟೆಯುಬ್ಬರದ ನೆನಪೂ ಬರುವುದು ಸಹಜ. ಇಬ್ಬನಿಯಲ್ಲಿ ತೊಯ್ದ ಎಳೆಯ ಹಸಿಮೇವನ್ನು, ಅದರಲ್ಲಿಯೂ ಕುದುರೆಮಸಾಲೆಯಂತಹ ಸೊಪ್ಪನ್ನು, ಹಸಿದ ಹಸು ಹೊಟ್ಟೆತುಂಬ ತಿಂದಾಗ ಒಳಗೆ ಹುಟ್ಟುವ ಅನಿಲ ತೇಗಿನಲ್ಲಿ ಹೊರಬಾರದೆ ನಿಲ್ಲುತ್ತದೆ. ಎಡಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಉಬ್ಬಿದ ಹೊಟ್ಟೆ ವಪೆಯನ್ನು ಒತ್ತುವುದರಿಂದ ಪ್ರಾಣಿ ಉಸಿರಾಡಲಾರದೆ, ನಾಲಗೆ ಚಾಚಿ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಈ ಹೊತ್ತಿನಲ್ಲಿ ವೈದ್ಯನ ಚೀಲದಿಂದ ಹೊರಬರುವುದು ಟ್ರೋಕಾರ್. ಹಿಡಿಯುಳ್ಳ ಚೂಪಾದ ಸರಳು, ಅದರ ಮೇಲೆ ಬಿಗಿಯಾಗಿ ಕೂರುವ ಲೋಹದ ಕೊಳವೆ. ಇಷ್ಟೇ ಅದರ ರಚನೆ. ಎಡಪಕ್ಕೆಯ ಗುಳಿ ಅತಿಯಾಗಿ ಉಬ್ಬಿದ ಜಾಗದಲ್ಲಿ, ಮುಂದಿನ ಬಲಮೊಣಕೈಯ ದಿಕ್ಕಿಗೆ ಗುರಿಯಿಟ್ಟು ಒಂದೇ ಏಟಿಗೆ ಚುಚ್ಚಿ, ಸರಳನ್ನು ಹೊರಗೆಳೆದು ಕೊಳವೆಯನ್ನು ಅಲ್ಲಿಯೇ ಬಿಡುತ್ತಾರೆ. ಅನಿಲ ಸುಯ್ಯೆಂದು ಹೊರಬೀಳುತ್ತದೆ. ಅದನ್ನು ಒಮ್ಮೆಗೇ ಬಿಡದೆ, ಕೊಳವೆಯ ಬಾಯಿಗೆ ಹೆಬ್ಬೆರಳನ್ನಿಟ್ಟು ನಿಧಾನವಾಗಿ ಬಿಡುವುದು ಕ್ರಮ. ನೆಲಕ್ಕೊರಗಿದ್ದ ಹಸು ನಿಮಿಷಗಳಲ್ಲಿ ಎದ್ದು ನಿಲ್ಲುವುದನ್ನು ಕಂಡ ರೈತನಿಗೆ ಅದಕ್ಕಿಂತ ಮಿಗಿಲಾದ ಪವಾಡವಿಲ್ಲ. ಆದರೆ ಒಳಗಿರುವುದು ಬರಿಯ ಅನಿಲವಾಗಿರದೆ ನೊರೆಯಾಗಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ನೊರೆಯನ್ನು ಒಡೆಯುವ ಎಣ್ಣೆ ಅಥವಾ ಔಷಧಿಯೇ ಗತಿ. ಚುಚ್ಚಿದ ಗಾಯದಿಂದ ಉದರಪೊರೆಗೆ ಸೋಂಕು ತಗಲುವ ಭಯವೂ ಇರುವುದರಿಂದ, ಪ್ರಾಣ ಹೋಗುತ್ತಿರುವಾಗಲ್ಲದೆ ಟ್ರೋಕಾರಿಗೆ ಕೈಹಾಕುವುದಿಲ್ಲ.

ದನದ ವೈದ್ಯನ ಚೀಲದಲ್ಲಿ ಬೆರಳುದ್ದದ ಅಯಸ್ಕಾಂತವನ್ನು ಕಂಡು ಬೆರಗಾಗುವವರುಂಟು. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ; ಹುಲ್ಲಿನೊಡನೆ ಮೊಳೆ, ತಂತಿಯ ಚೂರುಗಳೂ ಒಳಗೆ ಹೋಗುತ್ತವೆ. ಅವು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ತಂಗುತ್ತವೆ. ಅಲ್ಲಿಂದ ಹೃದಯಕ್ಕೆ ಅಂತರ ಅತ್ಯಲ್ಪ. ತಂತಿ ಚುಚ್ಚಿಕೊಂಡು ಮುಂದೆ ಸರಿದರೆ ಹೃದಯದ ಪೊರೆಯಲ್ಲಿ ಕೀವು ತುಂಬುತ್ತದೆ. ಇದನ್ನು ಪತ್ತೆಹಚ್ಚಲು ಒಂದು ದೊಣ್ಣೆ ಸಾಕು: ಇಬ್ಬರು ಎರಡು ಬದಿಗೆ ನಿಂತು ಎದೆಮೂಳೆಯ ಹಿಂದೆ ಹೊಟ್ಟೆಯ ಕೆಳಗೆ ದೊಣ್ಣೆಯನ್ನು ಹಿಡಿದು ಮೇಲೆತ್ತಿ ಥಟ್ಟನೆ ಬಿಟ್ಟಾಗ, ಒಳಗೆ ತಂತಿ ಚುಚ್ಚಿದ ಹಸು ನರಳುತ್ತದೆ. ಮುಂಜಾಗ್ರತೆಯಾಗಿ ನುಂಗಿಸಿದ ಅಯಸ್ಕಾಂತ ಜೀವಮಾನವಿಡೀ ಆ ಹೊಟ್ಟೆಯಲ್ಲಿಯೇ ಇದ್ದು ಕಬ್ಬಿಣದ ಚೂರುಗಳನ್ನು ಹಿಡಿದಿಡುತ್ತದೆ. ಪಟ್ಟಣದ ಬೀದಿದನಗಳು ನುಂಗುವ ಪ್ಲಾಸ್ಟಿಕ್ ಚೀಲಗಳಿಗೆ ಮಾತ್ರ ಯಾವ ಅಯಸ್ಕಾಂತವೂ ಇಲ್ಲ. ಹೊಟ್ಟೆಯನ್ನು ಕೊಯ್ದೇ ತೆಗೆಯಬೇಕು.

ಕೆಚ್ಚಲುಬಾವನ್ನು ಕಣ್ಣಿಗೆ ಕಾಣುವ ಮೊದಲೇ ತಿಳಿಸುವ ನಾಲ್ಕು ಬಟ್ಟಲಿನ ತಟ್ಟೆ 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿತು. ಒಂದೊಂದು ಮೊಲೆಯ ಹಾಲಿಗೂ ದ್ರಾವಣವನ್ನು ಸಮನಾಗಿ ಬೆರೆಸಿ ಅಲುಗಿಸಿದಾಗ, ರೋಗವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಹೋರಿಯ ಬೀಜ ಒಡೆಯಲು ಹಿಂದೆ ಕಲ್ಲು, ಕೋಲುಗಳನ್ನು ಬಳಸುತ್ತಿದ್ದ ಕ್ರೂರ ಪದ್ಧತಿಯನ್ನು ಇಟಲಿಯ ಬುರ್ಡಿಜೋ ಎಂಬ ಪಶುವೈದ್ಯನ ಇಕ್ಕಳ ಬಹುಮಟ್ಟಿಗೆ ಅಳಿಸಿತು. ಅದು ಚರ್ಮವನ್ನು ಕತ್ತರಿಸದೆ ಒಳಗಿನ ನಾಳವನ್ನಷ್ಟೇ ಅರೆಯುವುದರಿಂದ ತೆರೆದ ಗಾಯವಿಲ್ಲ, ಹುಳು ಬೀಳುವ ಭಯವಿಲ್ಲ.

ಮತ್ತೆ ಪಟ್ಟಣದ ವೈದ್ಯಶಾಲೆಗೆ ಬರುವುದಾದರೆ, ಅಲ್ಲಿ ಮೂಲೆಯಲ್ಲಿ ಸದ್ದಿಲ್ಲದೆ ನಿಂತಿರುವ ರೆಫ್ರಿಜರೇಟರಿನತ್ತ ಯಾರ ಗಮನವೂ ಹೋಗುವುದಿಲ್ಲ. ಆದರೆ ಇಡೀ ಕುಟುಂಬದ ಕ್ಷೇಮ ಅದನ್ನು ಅವಲಂಬಿಸಿದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸಿನಲ್ಲಿ ಇಡಬೇಕು. ಶಾಖಕ್ಕೆ ಸಿಕ್ಕಿ ಸತ್ತ್ವ ಕಳೆದುಕೊಂಡ ಲಸಿಕೆ ನೋಡಲು ಹಾಗೆಯೇ ಇರುತ್ತದೆ. ಚುಚ್ಚಿದ ಸೂಜಿಗೂ, ತೆತ್ತ ಹಣಕ್ಕೂ, ಮನೆಯವರ ನಂಬಿಕೆಗೂ ಅದರ ಸುಳಿವು ಸಿಗದು. ಅಂಗಡಿಯಿಂದ ಲಸಿಕೆ ಕೊಂಡು ಚೀಲದಲ್ಲಿಟ್ಟು ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ತರುವುದು ಆದುದರಿಂದಲೇ ಸಲ್ಲದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ಮತ್ತೊಂದು, ಅನಂತರ ವರ್ಷಕ್ಕೊಮ್ಮೆ ಎಂಬುದು ನಮ್ಮಲ್ಲಿನ ರೂಢಿ. ಶೀಶೆಯ ಮೇಲಿನ ಚೀಟಿಯನ್ನು ನಾಯಿಯ ಪುಸ್ತಕದಲ್ಲಿ ಅಂಟಿಸಿ ದಿನಾಂಕ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ನಾಯಿ ಕಚ್ಚಿದರೆ, ಅದು ಮನೆಯ ನಾಯಿಯೇ ಆಗಿದ್ದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಮೆತ್ತಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದನ್ನು ಗುಣಪಡಿಸುವ ಔಷಧಿ ಈವರೆಗೂ ಇಲ್ಲ.

ರೆಫ್ರಿಜರೇಟರಿನ ಪಕ್ಕದಲ್ಲಿ ಆಟೊಕ್ಲೇವ್ ಇರುತ್ತದೆ. ಅದು ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಅಣ್ಣ. 121 ಡಿಗ್ರಿ ಸೆಲ್ಸಿಯಸಿನ ಹಬೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಬೆಂದ ಕತ್ತರಿ, ಚಿಮಟಗಳೇ ಶಸ್ತ್ರಚಿಕಿತ್ಸೆಗೆ ಯೋಗ್ಯ. ಕ್ಷಕಿರಣದ ಯಂತ್ರ ಹಲವೆಡೆ ಬಂದಿದೆ. ನಾಯಿಯನ್ನು ಹಿಡಿದುಕೊಳ್ಳಲು ಒಳಗೆ ನಿಲ್ಲುವವರು ಸೀಸದ ಮೇಲಂಗಿಯನ್ನು ಕೇಳಿ ಪಡೆಯಬೇಕು, ಗರ್ಭಿಣಿಯರು ಒಳಗೆ ಹೋಗಲೇಬಾರದು. ಅಲ್ಟ್ರಾಸೌಂಡ್ ಪರೀಕ್ಷೆಗೆ ಹೊಟ್ಟೆಯ ಕೂದಲನ್ನು ಬೋಳಿಸಿದರೆಂದು ಮುನಿಸಿಕೊಳ್ಳುವವರಿದ್ದಾರೆ. ಕೂದಲ ನಡುವೆ ಸಿಕ್ಕಿದ ಗಾಳಿ ಶಬ್ದತರಂಗಗಳನ್ನು ತಡೆಯುವುದರಿಂದ ಬೋಳಿಸದೆ ಗತ್ಯಂತರವಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ.

ಕಡೆಯದಾಗಿ ಸೂಕ್ಷ್ಮದರ್ಶಕ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ನಾಯಿ ಮಂಕಾಗಿ, ಒಸಡು ಬಿಳಿಚಿ, ಕೆಲವೊಮ್ಮೆ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದಾಗ, ಕಿವಿಯ ಅಂಚಿನಿಂದ ತೆಗೆದ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದರೆ, ಕೆಂಪುಕಣಗಳೊಳಗೆ ಜೋಡಿಯಾಗಿ ಕುಳಿತ ರೋಗಾಣುಗಳು ಸಿಕ್ಕಿಬೀಳುವುದುಂಟು. ಹೊಟ್ಟೆಯ ಹುಳುಗಳ ಮೊಟ್ಟೆಗಳೂ ಇದೇ ಗಾಜಿನಡಿ ಕಾಣಸಿಗುತ್ತವೆ. ಅದಕ್ಕೆ ಬೇಕಾದುದನ್ನು ಒಡೆಯನೇ ತರಬೇಕು: ಅಂದು ಬೆಳಗಿನ ಮಲ, ಒಂದು ಚಮಚದಷ್ಟು, ಅಗಲಬಾಯಿಯ ಶುದ್ಧವಾದ ಶೀಶೆಯಲ್ಲಿ, ಮೇಲೆ ನಾಯಿಯ ಹೆಸರು ಬರೆದು.